ಕೆಳಗಿನಾತನ ಸ್ವರ

"ಇನ್ಮ್ಯಾಲೆ ಊದಬ್ಯಾಡ್ರಿ" ಅಂತ ಕಣ್ಣಿನ ಡಾಕ್ಟರಮ್ಮ ಅಂದಿದ್ದ ತಡ, ಮಾವ ಎದ್ದು ನಿಂತ. ಎದ್ದ ಜೋರಿಗೆ ಎಡಗಡಿ ಸ್ಟೂಲಿಗೆ ಕಾಲು ಬಡಿದು ಅದರ ಮ್ಯಾಲಿನ ಸ್ಟೀಲ್ ತಟ್ಟಿ ಖಣ್ ಅಂತ ಕೆಳಗ ಬಿತ್ತು. ಆ ಸ್ಟೂಲು ನಾವು ಒಳಗ ಬಂದಾಗಿಂದ ಅಲ್ಲೇ ಇತ್ತು.

"ನೋಡಿದ್ರಿಲ್ಲ, ಇದನ್ನ ನಾ ಹೇಳಾಕತ್ತಿದ್ದು" ಅಂದ್ರು ಅವ್ರು.

"ಸ್ಟೂಲು ದಾರ್ಯಾಗ ಇಟ್ರ ಕಣ್ಣಿದ್ದಾರೂ ಎಡವ್ತಾರ" ಅಂದ ಮಾವ.

ಡಾಕ್ಟರಮ್ಮ ಆತನ ಕೂಡ ವಾದ ಹಾಕಲಿಲ್ಲ. ನನ್ನ ಕಡಿ ತಿರುಗಿದ್ರು. ಕಣ್ಣಿನೊಳಗ ಒತ್ತಡ ಏರಿ ನರ ಸಾಯಾಕತ್ತೈತಿ ಅಂದ್ರು. ಎಡಗಣ್ಣಿನ ಕತಿ ಮುಗದೈತಿ. ಬಲಗಣ್ಣಾಗ ಸುತ್ತಲಿಂದ್ದೆಲ್ಲ ಹೋಗಿ ನಡುವಿನದಷ್ಟ ಉಳದೈತಿ, ಪೈಪಿನಾಗ ನೋಡಿದಂಗ. ಆಪರೇಷನ್ ಮಾಡಿದ್ರ ಇದ್ದಿದ್ದು ಉಳಸಬೌದು, ಹೋಗಿದ್ದು ತಿರುಗಿ ಬರಂಗಿಲ್ಲ. ಉಸಿರು ಬಿಗಿದು ಆ ಪೀಪಿ ಊದಿದ್ರ ಒತ್ತಡ ಒಮ್ಮೆಲೆ ಏರ್ತೈತಿ, ಉಳದಿದ್ದೂ ಹೋಗ್ತೈತಿ.

"ತಿಳೀತಾ?" ಅಂದ್ರು.

ನನಗ ತಿಳೀತು. ಮಾವಗೂ ತಿಳೀತು. ಹೊರಗ ಬಂದು ಬಳ್ಳಾರಿ ಬಿಸಿಲಾಗ ನಿಂತು ಆತ ಅಂದ ಮಾತು ಒಂದ: "ಕಾರ್ಯಕ್ರಮ ಆಗ್ಲಿ. ಆಮ್ಯಾಲೆ ಆಪರೇಷನ್ ಮಾಡಿಸ್ತೀನಿ. ಬ್ಯಾಂಡಿನಾಗ ಯಾರಿಗಾರ ಬಾಯಿ ಬಿಟ್ಟಿ ಅಂದ್ರ ನೀ ನನ್ನ ಅಳಿಯನ ಅಲ್ಲ."

ನಮ್ದು ಸಿರುಗುಪ್ಪದಾಗ ಬ್ಯಾಂಡ್ ಸೆಟ್. ಮಾವ ಅಂದ್ರ ನಮ್ಮವ್ವನ ತಮ್ಮ. ಆತ ಟ್ರಂಪೆಟ್, ಬ್ಯಾಂಡಿಗೆ ಮೇಸ್ತ್ರಿ. ನಾ ದೊಡ್ಡ ಡ್ರಮ್. ಏಳನೇತ್ತ ಆದಮ್ಯಾಲೆ ಸಾಲಿ ನನಗ ಹತ್ತಲಿಲ್ಲ, ಡ್ರಮ್ ಹತ್ತಿತು. ನಮ್ಮಾಗ ಒಬ್ಬರಿಗೂ ಹಾಳ್ಯಾಗ ಬರದ ಸಂಗೀತ ಓದಾಕ ಬರಂಗಿಲ್ಲ. ಕೇಳಿದ್ದನ್ನ ಊದ್ತೀವಿ. ಮದುವಿ, ಮೆರವಣಿಗಿ, ಸತ್ತೋರ ಮಣ್ಣು, ಯಾವ್ದಾದ್ರೂ ಸೈ.

ನಮ್ಮಾಗ ಒಂದು ಪದ್ಧತಿ ಐತಿ. ರಸ್ತ್ಯಾಗ ಪಟಾಕಿ, ಜನರೇಟರು, ಕುಣಿಯೋರ ಕೇಕಿ, ಇದರಾಗ ಒಬ್ಬರದು ಒಬ್ಬರಿಗೆ ಕೇಳಂಗಿಲ್ಲ. ಅದಕ್ಕ ಎಲ್ಲಾರೂ ಮೇಸ್ತ್ರಿ ಟ್ರಂಪೆಟ್ಟಿನ ಬಾಯಿ ನೋಡ್ಕೊಂತ ಇರಬೇಕು. ಅದು ಕೆಳಗ ಇಳದ್ರ ಹಾಡು ನಿಂತಂಗ. ಇಳಿಯಾ ಮಟ ಯಾರೂ ನಿಲ್ಲಸಂಗಿಲ್ಲ. ಹಚ್ಚೊಳ್ಳ್ಯಾಗ ಒಂದು ಮದುವ್ಯಾಗ ಕ್ಲಾರಿನೆಟ್ ಊದೋ ಅಣ್ಣನ ಪ್ಯಾಂಟಿಗೆ ಪಟಾಕಿ ಕಿಡಿ ಹತ್ತಿತ್ತು. ಆತ ಒಂದು ಕೈಲೆ ಊದಿಕೊಂತ ಇನ್ನೊಂದು ಕೈಲೆ ತೊಡಿ ಬಡ್ಕೊಂತ ನಡದ, ನಿಲ್ಲಸಲಿಲ್ಲ. ನಿಲ್ಲಿಸಿದ್ರ ಮೇಸ್ತ್ರಿ ಮರ್ಯಾದಿ ಹೋದಂಗ.

ಕಾರ್ಯಕ್ರಮ ಅಂದ್ನಲ್ಲ, ಅದು ಎಲ್ಲಿಂದ ಬಂತು ಅಂದ್ರ, ಕುರುಗೋಡಿನಾಗ ಒಂದು ಮದುವಿ. ಬೀಗರನ್ನ ಎದುರುಗೊಂಡು ಕಲ್ಯಾಣ ಮಂಟಪದ ಗೇಟಿನ ಮಟ ಊದಿ ಬಿಟ್ವಿ. ಗೇಟಿನ ಒಳಗ ನಾವು ಹೋಗಂಗಿಲ್ಲ, ಹೊರಗ ಗೋಡಿ ನೆಳ್ಳಿಗೆ ಕುಂದರ್ತೀವಿ. ಊಟ ಕಡೀಕ ಬರ್ತೈತಿ. ಆವತ್ತು ಮಾವ ನೆಟ್ಟಗ ನಡಕೊಂತ ಹೋಗಿ ಎಡಗಡಿ ಶಾಮಿಯಾನದ ಕಂಬಕ್ಕ ಹಣಿ ಬಡಸಿಕೊಂಡ. ಕಣ್ಣಾಗ ಹೊಟ್ಟು ಬಿದ್ದೈತಿ ಅಂದ. ಸಿರುಗುಪ್ಪದಾಗ ರೈಸ್ ಮಿಲ್ಲಿನ ಹೊಟ್ಟಿನ ಬೂದಿ ಎಲ್ಲಾರ ಕಣ್ಣಾಗೂ ಬೀಳ್ತೈತಿ, ನಾವೂ ನಂಬಿದ್ವಿ. ದೀಪದ ಸುತ್ತ ಬಣ್ಣಬಣ್ಣದ ಬಳಿ ಕಾಣ್ತಾವ ಅಂತ ಅತ್ತಿ ಮುಂದ ಅಂದಿದ್ನಂತ. ಅದಕ್ಕೂ ಹೊಟ್ಟ ಕಾರಣ.

ಆ ಮದುವಿಗೆ ಬಂದಿದ್ದ ಒಬ್ರು ಸರ್ ಗೇಟಿನ ಹೊರಗ ಬಂದು ನಮ್ಮ ಹತ್ರ ನೆಲಕ್ಕ ಕುಂತ್ರು. ಬಳ್ಳಾರಿ ಸತ್ಯನಾರಾಯಣಪೇಟೆದಾಗ ಹುಡುಗ್ರಿಗೆ ವಯೊಲಿನ್ ಕಲಸ್ತಾರ. ಚೆನ್ನೈನಾಗ ಕಲತಾರ. ಅವ್ರು ಆರ್ಕೆಸ್ಟ್ರಾ ಮಾಡಾಕತ್ತೀನಿ ಅಂದ್ರು.

"ಯಾವ ಪಿಚ್ಚರ್ ಹಾಡು ಸರ್?" ಅಂದೆ.

"ಹಾಡಲ್ಲ. ಹಾಡೋರು ಇರಂಗಿಲ್ಲ. ಬರೇ ವಾದ್ಯ. ಗ್ರೀಸ್ ದೇಶದ ಹಳೇ ದೇವರುಗಳ ಮ್ಯಾಲೆ ನಾನ ಮಾಡೀನಿ, ಒಂದೊಂದು ದೇವರಿಗೆ ಒಂದೊಂದು ತುಣುಕು. ವಯೊಲಿನ್ನಿಗೆ ಹುಡುಗ್ರು ಅದಾರ. ನಿಮ್ಮಂಗ ಊದೋ, ಗಂಟಲಿದ್ದ ವಾದ್ಯ ಇಲ್ಲ."

"ಎಲ್ಲಿ ಮೆರವಣಿಗಿ?" ಅಂದ ಮಾವ.

"ಮೆರವಣಿಗಿ ಇಲ್ಲಣ್ಣ. ಹಾಲ್‌ನಾಗ. ಸ್ಟೇಜಿನ ಮ್ಯಾಲೆ ಕುಂತು ಊದಬೇಕು."

"ಜನ?"

"ಕೆಳಗ ಕುರ್ಚ್ಯಾಗ. ಬಾಯಿ ಮುಚ್ಚಿಕೊಂಡು ಕೇಳ್ತಾರ."

ಮಾವ ಇದನ್ನ ಎರಡು ಸಲ ಕೇಳಿಸಿಕೊಂಡ. ಬಾಯಿ ಮುಚ್ಚಿಕೊಂಡಾ? ಹೂಂ, ಮುಚ್ಚಿಕೊಂಡ. ನಮ್ಮ ಬ್ಯಾಂಡು ಹುಟ್ಟಿದಾಗಿಂದ ಯಾವಾತನೂ ಸುಮ್ನ ನಿಂತು ಕೇಳಿದ್ದಿಲ್ಲ. ಕುಣೀತಾರ, ಒದರ್ತಾರ, ಕುಡ್ದು ಟ್ರಂಪೆಟ್ಟಿನ ಬಾಯಾಗ ಕೈ ಇಡ್ತಾರ. ಮಾವ ಆವತ್ತ ಒಪ್ಪಿದ. ಡಾಕ್ಟರಮ್ಮನ ಹತ್ರ ಹೋಗಿದ್ದು ಇದಾಗಿ ಒಂದು ತಿಂಗಳಿಗೆ, ಅತ್ತಿ ಜಗಳಾ ಮಾಡಿ ಕಳಸಿದ್ಲು ಅಂತ.

ಸರ್ ಒಬ್ಬೊಬ್ಬರ ಪಾಲಿನ ಸ್ವರ ವಯೊಲಿನ್ನಿನಾಗ ನುಡಿಸಿ ರೆಕಾರ್ಡ್ ಮಾಡಿ ಫೋನಿಗೆ ಕಳಸ್ತಿದ್ರು. ನಾವು ಕೇಳಿ ಕೇಳಿ ಕಲಿಯೋದು. ಐತವಾರ ಬಸ್ಸು ಹತ್ತಿ ಸತ್ಯನಾರಾಯಣಪೇಟೆಗೆ ಹೋಗಿ ಎಲ್ಲಾರೂ ಕೂಡಿ ಊದೋದು. ಅವ್ರ ಮನಿ ಮಾಳಿಗಿ ಮ್ಯಾಲೆ ಜಾಗ.

ಮೊದ್ಲು ದೇವರುಗಳನ್ನ ಪರಿಚಯ ಮಾಡಿದ್ರು. ಎಲ್ಲಾರಿಗೂ ದೊಡ್ಡಾತ ಜ್ಯೂಸ್, ಸಿಡ್ಲು ಹಿಡ್ಕೊಂಡು ಕುಂತಿರ್ತಾನ.

"ಮೋಸಂಬಿದಾ?" ಅಂದ ಟ್ರಾಂಬೋನ್ ಊದಾತ. ವಯೊಲಿನ್ ಹುಡುಗ್ರು ನಕ್ರು.

ಎರಡನೇಯಾತ ಯುದ್ಧದಾತ, ಅದರಾಗ ನನಗ ಕೆಲಸ ಜಾಸ್ತಿ. ಆಮ್ಯಾಲೆ ಸಮುದ್ರದಾತ. ನಾಕನೇಯಾತ ಹೆಂಡದ ದೇವ್ರು. ಟ್ರಾಂಬೋನಿನಾತ ಎದ್ದು ನಿಂತು ಕೈ ಮುಗದ. "ಮನ ದೇವುಡೇ ರಾ, ನಮ್ಮಾತ ಬಂದ" ಅಂತ ಕ್ಲಾರಿನೆಟ್ ಅಣ್ಣ ತೆಲುಗಿನಾಗ ನಗಿಸಿದ.

ಐದನೇಯಾತನ ಬಗ್ಗಿ ಹೇಳಾವಾಗ ಸರ್ ಧ್ವನಿ ಇಳಿಸಿದ್ರು. ಆತ ಸತ್ತೋರ ದೇವ್ರು. ಭೂಮಿ ಕೆಳಗ ಇರ್ತಾನ. ಆ ದೇಶದ ಜನ ಆತನ ಹೆಸರು ಬಾಯಿ ಬಿಟ್ಟು ಹೇಳ್ತಿದ್ದಿಲ್ಲಂತ. ಆತಗ ಬಲಿ ಕೊಡಾವಾಗ ಮಕ ಆಚಿ ತಿರುಗಿಸ್ತಿದ್ರಂತ. ಆತನ ಹತ್ರ ಒಂದು ಟೊಪ್ಪಿಗಿ ಐತಿ, ಹಾಕ್ಕೊಂಡ್ರ ಯಾರ ಕಣ್ಣಿಗೂ ಬೀಳಂಗಿಲ್ಲ.

"ನಾವು ದೀಪ ಹಚ್ಚಿದಮ್ಯಾಲೆ ಹಾವಿಗೆ ಹಾವು ಅನ್ನಂಗಿಲ್ಲಲ, ಹುಳ ಅಂತೀವಲ, ಹಂಗ" ಅಂದ ಮಾವ.

"ಹಂಗ" ಅಂದ್ರು ಸರ್. ಹೆಸರು ಹೇಳಿದ್ರು ಒಂದು ಸಲ. ನಾನೂ ಇಲ್ಲಿ ಒಂದ ಸಲ ಹೇಳ್ತೀನಿ, ಹೇಡಿಸ್. ಆಮ್ಯಾಲೆ ನಮ್ಮ ಬ್ಯಾಂಡಿನಾಗ ಯಾರೂ ಹಂಗ ಅನ್ನಲಿಲ್ಲ. ಕೆಳಗಿನಾತ ಅಂತಿದ್ವಿ. "ಇವತ್ತು ಕೆಳಗಿನಾತ ಐತೇನು?" ಅಂತ ಕೇಳ್ಕೊಂತಿದ್ವಿ.

ಕೆಳಗಿನಾತನ ತುಣುಕು ಹೆಂಗೈತಿ ಅಂದ್ರ, ನಾ ಕೋಲಿನ ತಲಿಗೆ ಬಟ್ಟಿ ಸುತ್ತಿ ಸಣ್ಣಗ ಬಿಡದಂಗ ಬಾರಸ್ತಿರಬೇಕು, ದೂರ ಎಲ್ಲೋ ಕಲ್ಲು ಸಿಡ್ಸಿದಂಗ. ಅದರ ಮ್ಯಾಲೆ ವಯೊಲಿನ್ನು ಸರಬರ ಸರಬರ ಹರದಾಡ್ತಾವ. ಕಡೀಕ ಮಾವನ ಟ್ರಂಪೆಟ್ಟು ಒಂದ ಸ್ವರ ಹಿಡೀತೈತಿ. ಕೆಳಗಿನ ಸ್ವರ. ಅದರ ಹಿಂದ ಟ್ರಾಂಬೋನು, ಕ್ಲಾರಿನೆಟ್ಟು, ಎಲ್ಲಾ ಬಂದು ಕೂಡ್ತಾವ. ಸಣ್ಣಗ ಸುರುವಾಗಿ ದೊಡ್ಡದಾಗಿ ಇನ್ನೂ ದೊಡ್ಡದಾಗಿ, ಉಸಿರು ತೀರಿತು ಅನ್ನಾಗ ಎದುರಿಗೆ ನಿಂತು ಕೈ ಆಡಿಸೋ ಸರ್ ಮುಷ್ಟಿ ಮುಚ್ಚತಾರ. ಕಟ್. ಅಷ್ಟ. ಎದ್ಯಾಗ ತಣ್ಣೀರು ಸುರುವಿದಂಗ ಆಗ್ತಿತ್ತು ನನಗ. ಚಂದ ಅಂತ ಹೇಳಾಕ ಬರಂಗಿಲ್ಲ.

ಮನ್ಯಾಗ ಅದನ್ನ ಊದಾಕ ಅತ್ತಿ ಬಿಡಲಿಲ್ಲ. "ಹೊಚ್ಚಲದ ಒಳಗ ಆ ಸ್ವರ ಬ್ಯಾಡ" ಅಂದ್ಲು. ಮಾವ ಸಂಜಿಮುಂದ ಕಾಲುವಿ ದಂಡಿಗೆ ಹೋಗಿ ಊದ್ತಿದ್ದ. ನಾ ಬೈಕಿನ ಮ್ಯಾಲೆ ಕರ್ಕೊಂಡು ಹೋಗ್ತಿದ್ದೆ, ಯಾಕಂದ್ರ ಸೈಕಲ್ ಹೊಡಿಯೋದು ಆತನ ಕೈಲಿ ಆಗ್ತಿದ್ದಿಲ್ಲ. ದೇಶನೂರ ಕಡಿ ಗದ್ದ್ಯಾಗ ನಾಟಿ ನಡದಿತ್ತು. ಒಂದಿನ ಮಾವ ಸ್ವರ ಹಿಡದ ಕೂಡ್ಲೆ ಬೆಳ್ಳಕ್ಕಿ ಎಲ್ಲಾ ಒಮ್ಮಿಗಲೆ ಎದ್ದು ಹೋದ್ವು. ನಾಟಿ ಹಚ್ಚೋ ಹೆಣ್ಮಕ್ಳು ಸೊಂಟ ನೆಟ್ಟಗ ಮಾಡಿ ನಿಂತ್ರು.

"ಯಾರ ಮಣ್ಣಿಗಪಾ ಊದಾಕತ್ತೀರಿ?" ಅಂತ ಒಬ್ಬಾಕಿ ಕೂಗಿದ್ಲು.

"ಇನ್ನೂ ಯಾರೂ ಸತ್ತಿಲ್ಲವ್ವಾ, ಅಡ್ವಾನ್ಸ್" ಅಂದ ಮಾವ.

ಆಕಿ ನಗಲಿಲ್ಲ. ಎಡಗೈಲೆ ಗಲ್ಲ ಬಡ್ಕೊಂಡು ಮತ್ತ ಬಗ್ಗಿದ್ಲು.

ಊದಿ ಮುಗಿಸಿ ಮಾವ ಬಲಗಣ್ಣು ಒತ್ತಿ ಹಿಡ್ಕೊಂಡು ಕುಂದರ್ತಿದ್ದ. ನೋವಾ ಅಂದ್ರ ಇಲ್ಲ ಅಂತಿದ್ದ. ಸುಳ್ಳು ಅಂತ ನನಗ ಗೊತ್ತು, ಬೆವರು ಇಳೀತಿತ್ತು.

ನಾ ತಡಕೊಳ್ಳಲಿಲ್ಲ. ಅಳಿಯ ಅಲ್ಲ ಅಂದ್ರ ಅನ್ನಲಿ ಅಂತ ಸರ್ ಮನಿಗೆ ಒಬ್ಬನ ಹೋಗಿ ಹೇಳಿಬಿಟ್ಟೆ. "ಮಾವನ ಎಡಗಣ್ಣು ಹೋಗೇತ್ರಿ. ಬಲಗಣ್ಣೂ ಹೋಗಾಕತ್ತೇತಿ. ಊದಬ್ಯಾಡ ಅಂದಾರ ಡಾಕ್ಟರು." ಸರ್ ಕುಂತಲ್ಲೇ ಕುಂತ್ರು. ಮುಂದಿನ ಐತವಾರ ಮಾವನ್ನ ಪಕ್ಕಕ್ಕ ಕರದು, "ಅಣ್ಣಾ, ಐದನೇದು ಬಿಡಾನು. ನಾಕ ಸಾಕು" ಅಂದ್ರು.

ಮಾವ ನನ್ನ ಕಡಿ ನೋಡಿದ. ಆತ ಯಾರನ್ನಾರ ನೋಡಬೇಕಂದ್ರ ಕೋಳಿ ನೋಡಿದಂಗ ತಲಿ ಪೂರಾ ತಿರುಗಿಸಬೇಕಾಗಿತ್ತು. ಬೈಯಲಿಲ್ಲ.

"ಐದನೇದು ಬಿಟ್ರ ನಾವೂ ಬಿಟ್ವಿ" ಅಂದ ಸರ್‌ಗೆ. "ಡ್ರಮ್ಮು, ಟ್ರಾಂಬೋನು ಎಲ್ಲಾ ಎತ್ಕೊಂಡು ಸಿರುಗುಪ್ಪದ ಬಸ್ ಹತ್ತತೀವಿ."

"ಕಣ್ಣಣ್ಣಾ, ಕಣ್ಣು."

"ಕಣ್ಣು ನಂದು."

"ಸ್ವರಾರ ಸಣ್ಣದು ಮಾಡ್ತೀನಿ. ಅರ್ಧಕ್ಕ ಕಟ್ ಮಾಡ್ತೀನಿ."

"ಅರ್ಧಕ್ಕ ಕಟ್ ಆದ್ರ ಅದು ಯಾವ ದೇವ್ರು ಸರ್? ಮೊಣಕಾಲಿನ ಮಟ ಹುಗದಂಗ ಆತು." ಹಂಗಂದು ಟ್ರಂಪೆಟ್ಟಿನ ನೀರು ಝಾಡಿಸಿ ಕುಂತ. "ಒಂದು ಸಲ ಸರ್. ಮರುದಿನ ಆಸ್ಪತ್ರಿಗೆ ಅಡ್ಮಿಟ್ ಆಗ್ತೀನಿ. ಈತನ ಕರ್ಕೊಂಡು ಹೋಗ್ಲಿ."

ಸರ್ ಸೋತ್ರು. ಮಾವ ನನ್ನ ಕುರ್ಚಿ, ತನ್ನ ಕುರ್ಚಿ ಜರುಗಿಸಿ ಜರುಗಿಸಿ, ಸರ್ ಕೈ ತನ್ನ ಪೈಪಿನೊಳಗ ಬರಂಗ ಜಾಗ ಮಾಡ್ಕೊಂಡ. "ಕೈ ಕಂಡ್ರ ಸಾಕು ನನಗ. ಮಕ ನೋಡಿ ಏನ್ ಮಾಡ್ಲಿ" ಅಂದ.

ಊದಿದ್ರ ಕಣ್ಣು ಹೋಗ್ತೈತಿ ಅಂತ ಅತ್ತಿಗೂ ಹೇಳಿದೆ. ಆಕಿ ಟ್ರಂಪೆಟ್ಟು ಕಾಳಿನ ಡಬ್ಬ್ಯಾಗ ಮುಚ್ಚಿಟ್ಲು. ಮಾವ ತಡವ್ಯಾಡಿ ತಡವ್ಯಾಡಿ ಹುಡುಕಿದ. ಮನಿ ತುಂಬ ಗ್ವಾಡಿ ಹಿಡ್ಕೊಂಡು ಓಡಾಡಿದ, ಪಾತ್ರಿ ಎಲ್ಲಾ ಕೆಡವಿದ. ಅದನ್ನ ನೋಡಾಕ ಆಗದ ಅತ್ತಿನ ತಗದು ಕೊಟ್ಲು. "ಹೋಗು, ಹಾಳಾಗಿ ಹೋಗು" ಅಂದ್ಲು. ಕಾರ್ಯಕ್ರಮಕ್ಕ ಹೊಂಟಾಗ ಬಾಗಲದಾಗ ನಿಂತು ಆತನ ಕಣ್ಣಾಗ ಡಾಕ್ಟರಮ್ಮ ಕೊಟ್ಟ ಹನಿ ಹಾಕಿ ಕಳಸಿದ್ಲು.

ಕಾರ್ಯಕ್ರಮದ ದಿನ ಬಳ್ಳಾರ್ಯಾಗ ಹಾಲ್ ತುಂಬಿತ್ತು. ಸಂಜಿ ಹೊತ್ತು. ನಮಗ ಎಲ್ಲಾರಿಗೂ ಕರಿ ಅಂಗಿ. ಗೇಟಿನಾಗ ವಾಚ್‌ಮನ್ನು ನಮ್ಮ ಡ್ರಮ್ ನೋಡಿ "ಬ್ಯಾಂಡಿನೋರು ಹೊರಗ ನಿಲ್ರಿ" ಅಂದ. ಮಾವ ತಲಿ ಪೂರಾ ತಿರುಗಿಸಿ ಆತನ್ನ ನೋಡಿ, "ಇವತ್ತು ಒಳಗ ತಮ್ಮಾ" ಅಂದು ಒಳಗ ಹೋದ.

ಜನ ಸುಮ್ನ ಕುಂತ್ರು. ಖರೇನ ಸುಮ್ನ ಕುಂತ್ರು. ನನಗ ಅದಕ್ಕ ಹೆದ್ರಿಕಿ ಆತು. ಅಷ್ಟು ಮಂದಿ ಬಾಯಿ ಮುಚ್ಚಿದ್ದು ನಾ ಮಣ್ಣಿನಾಗೂ ನೋಡಿದ್ದಿಲ್ಲ. ಮಾವನ ಮಕ ಮಾತ್ರ ಅರಳಿತ್ತು. ಸಿಡಿಲಿನಾತ ಆತು, ಯುದ್ಧದಾತ ಆತು. ಸಮುದ್ರದಾತನ ನಡುವ ಮಾವ ಒಂದು ಸಲ ಕಣ್ಣು ಉಜ್ಜಿಕೊಂಡ. ಹೆಂಡದಾತ ಆದಮ್ಯಾಲೆ ನನ್ನ ಕಡಿ ಬಗ್ಗಿ, "ಸರ್ ತಲಿ ಸುತ್ತ ಬಳಿ ಬಂದಾವಲೇ, ದೇವ್ರು ಕಂಡಂಗ ಕಾಣ್ತಾರ" ಅಂದ.

"ಬಿಡು ಮಾವಾ. ಹೊರಗ ಹೋಗಾನು ನಡಿ."

"ಡ್ರಮ್ ಬಾರ್ಸು."

ಕೆಳಗಿನಾತಗ ಹಾಲಿನ ಲೈಟ್ ಎಲ್ಲಾ ಆರಿಸಿದ್ರು. ಸರ್ ಮ್ಯಾಲೊಂದು ಲೈಟು, ನಮ್ಮ ಮ್ಯಾಲೆ ಮಂಕು ಬೆಳಕು. ನಾ ಸಣ್ಣಗ ಸುರು ಮಾಡಿದೆ. ವಯೊಲಿನ್ನು ಹರದಾಡಿದ್ವು. ಮಾವ ಟ್ರಂಪೆಟ್ ಎತ್ತಿ ಸ್ವರ ಹಿಡದ. ಕಾಲುವಿ ದಂಡ್ಯಾಗ ಊದಿದ್ದು ಇದಲ್ಲ ಬಿಡು. ಅದು ಹಾಲಿನ ನೆಲದಾಗಿಂದ ಬಂದಂಗ ಬಂತು. ನನ್ನ ಡ್ರಮ್ಮಿನ ಚರ್ಮ ತಾನಾಗೆ ನಡಗಾಕತ್ತಿತು. ಟ್ರಾಂಬೋನು ಕೂಡ್ತು, ಕ್ಲಾರಿನೆಟ್ಟು ಕೂಡ್ತು. ಏರಿತು, ಏರಿತು. ಮಾವನ ಕುತ್ತಿಗಿ ನರ ಹಗ್ಗದಂಗ ಎದ್ದಿದ್ವು.

ಸರ್ ಮುಷ್ಟಿ ಮುಚ್ಚಿದ್ರು.

ವಯೊಲಿನ್ನು ನಿಂತ್ವು. ಮಾವ ನಿಲ್ಲಸಲಿಲ್ಲ. ಟ್ರಂಪೆಟ್ಟಿನ ಬಾಯಿ ಇಳೀಲಿಲ್ಲ. ಅದು ಇಳೀಲಿಲ್ಲ ಅಂದ್ಮ್ಯಾಲೆ ನಮ್ಮಾಗ ಯಾರು ನಿಲ್ಲಸ್ತಾರ? ಟ್ರಾಂಬೋನು ನಿಲ್ಲಸಲಿಲ್ಲ, ಕ್ಲಾರಿನೆಟ್ಟು ನಿಲ್ಲಸಲಿಲ್ಲ, ನಾ ನಿಲ್ಲಸಲಿಲ್ಲ. ಸರ್ ಇನ್ನೊಂದು ಸಲ ಮುಷ್ಟಿ ಎತ್ತಿ ಮುಚ್ಚಿದ್ರು, ಮಾವನ ಮಕದ ಮುಂದ ಹಿಡದಂಗ. ಮಾವ ಕಣ್ಣು ದೊಡ್ಡದು ಮಾಡಿ ನೆಟ್ಟಗ ಆ ಮುಷ್ಟಿನ ನೋಡ್ಕೊಂತ ಊದಾಕತ್ತಿದ್ದ. ಹಟ ಮಾಡಾಕತ್ತಾನ ಅಂದ್ಕೊಂಡೆ. ಅರ್ಧಕ್ಕ ಕಟ್ ಮಾಡ್ತೀನಿ ಅಂದಿದ್ದಕ್ಕ ಸೇಡು ಅಂದ್ಕೊಂಡೆ. ಆಮ್ಯಾಲೆ ಆತನ ಕಣ್ಣು ನೋಡಿದೆ. ಮುಷ್ಟಿ ಆಕಡಿ ಈಕಡಿ ಹೋತು, ಕಣ್ಣು ಅದರ ಹಿಂದ ಹೋಗಲಿಲ್ಲ.

ಉಸಿರು ಮುಗದಿತ್ತು ಎಲ್ಲಾರದೂ. ಟ್ರಾಂಬೋನಿನಾತನ ಮಕ ಬದನಿಕಾಯಿ ಆಗಿತ್ತು. ಸ್ವರ ಸೀಳಿ ಸೀಳಿ ಬರಾಕತ್ತಿತ್ತು, ಆದ್ರೂ ಬಿಡವಲ್ರು. ನಾ ಕೋಲು ಒಗದೆ. ಮೇಸ್ತ್ರಿ ಇಳಿಸೋಕ ಮೊದ್ಲು ನಮ್ಮ ಬ್ಯಾಂಡಿನಾಗ ಯಾವಾತನೂ ನಿಲ್ಲಿಸಿದ್ದಿಲ್ಲ, ನಾ ನಿಲ್ಲಿಸಿದೆ. ಕುರ್ಚಿ ಜರುಗಿಸಿ ಮಾವನ ಮೊಣಕಾಲು ಹಿಡದೆ. ಆಗ ಟ್ರಂಪೆಟ್ಟು ಇಳೀತು. ಎಲ್ಲಾ ನಿಂತ್ವು.

ಆಮ್ಯಾಲೆ ಲೈಟೆಲ್ಲಾ ಹತ್ತಿದ್ವು, ಜನ ಎದ್ದು ನಿಂತು ಚಪ್ಪಾಳಿ ಹೊಡದ್ರು. ಅದು ಹಂಗ ಇರೋದು ಅಂತ ತಿಳಕೊಂಡಿದ್ರು. ವಯೊಲಿನ್ ಹುಡುಗ್ರೂ ನಗಾಕತ್ತಿದ್ರು. ಸರ್ ಒಬ್ರ ಬಿಳಿಚಿಕೊಂಡು ನಿಂತಿದ್ರು.

ಮಾವ ನಾ ಇಲ್ಲದ ಕಡಿ ಮಕ ತಿರುಗಿಸಿ ಸಣ್ಣಗ ಕೇಳಿದ, "ಅಳಿಯಾ, ಕರೆಂಟ್ ಹೋತೇನಲೇ?"

ನಾ ಆತನ ಹೆಗಲಿಗೆ ಕೈ ಹಾಕಿದೆ.

"ಕತ್ತಲ್ದಾಗ ಚಪ್ಪಾಳಿ ಹೊಡ್ಯಾಕತ್ತಾರೇನಲೇ ಇವ್ರು?"

"ಹೂಂ ಮಾವಾ" ಅಂದೆ.

ರಟ್ಟಿ ಹಿಡ್ಕೊಂಡು ಸ್ಟೇಜಿನ ಮೆಟ್ಲ ಇಳಿಸಿದೆ. ಹಿಂದಿನ ಬಾಗಲದಾಗ ವಾಂತಿ ಮಾಡ್ಕೊಂಡ. ತಲಿ ಸಿಡ್ಯಾಕತ್ತೈತಿ ಅಂದ. ಸರ್ ಕಾರಿನಾಗ ಹಾಕ್ಕೊಂಡು ಆಸ್ಪತ್ರಿಗೆ ಹೋದ್ವಿ. ಕರಿ ಅಂಗಿ ಹಾಕ್ಕೊಂಡ ಕುಂತಿದ್ದ, ಟ್ರಂಪೆಟ್ಟು ತೊಡಿ ಮ್ಯಾಲೆ. ದಾರ್ಯಾಗ ಒಂದ ಮಾತು ಕೇಳಿದ ಸರ್‌ಗೆ. "ಕೆಮ್ಮಿದ್ರೇನು ಯಾರಾರ?"

"ಒಬ್ರೂ ಕೆಮ್ಮಲಿಲ್ಲಣ್ಣಾ" ಅಂದ್ರು ಸರ್. ಕಾರು ನಿಲ್ಲಿಸಿ ಸ್ಟೇರಿಂಗಿನ ಮ್ಯಾಲೆ ತಲಿ ಇಟ್ರು. ಹಿಂದಿನ ಗಾಡಿಯೋರು ಹಾರ್ನ್ ಹೊಡದಮ್ಯಾಲೆ ಮತ್ತ ನಡಸಿದ್ರು.

ಡಾಕ್ಟರಮ್ಮ ರಾತ್ರಿನ ಆಪರೇಷನ್ ಮಾಡಿದ್ರು. ನೋವು ಹೋತು, ಕಣ್ಣು ಬರಲಿಲ್ಲ. ಪಟ್ಟಿ ಬಿಚ್ಚಿದಾಗ ಅತ್ತಿ ಎದುರಿಗೆ ನಿಂತಿದ್ಲು. ಮಾವ ಆಕಿ ಮಕದ ಮ್ಯಾಲೆ ಕೈ ಆಡಿಸಿ, "ಅಳಬ್ಯಾಡ, ಒದ್ದಿ ಆಗ್ತೈತಿ ಕೈಯಿ" ಅಂದ. ಅತ್ತಿ ಆ ಕೈಗೆ ಒಂದು ಬಡದ್ಲು. ಆಮ್ಯಾಲೆ ಅದನ್ನ ಹಿಡ್ಕೊಂಡು ಕುಂತ್ಲು.

ಈಗ ಬ್ಯಾಂಡಿಗೆ ಕ್ಲಾರಿನೆಟ್ ಅಣ್ಣ ಮೇಸ್ತ್ರಿ. ಮಾವ ಮನ್ಯಾಗ ಇರ್ತಾನ. ಟ್ರಂಪೆಟ್ ಮುಟ್ಟಂಗಿಲ್ಲ, ಕೊಡಂಗೂ ಇಲ್ಲ. ಮೊನ್ನಿ ಸರ್ ಫೋನ್ ಮಾಡಿ, ಆ ಐದು ತುಣುಕು ಬ್ಯಾರೆ ಊರಾಗೂ ಕೇಳಾಕತ್ತಾರ, ಕಡೀ ಸ್ವರ ಹಂಗ ಉದ್ದ ಬೇಕಂತ, ಏನ್ ಹೇಳ್ಲಿ ಅಂದ್ರು. ನಾ ಬರಂಗಿಲ್ಲ ಅಂದೆ. ಮಾವ ಪಕ್ಕದಾಗ ಕುಂತು ಕೇಳಸ್ಕೊಂಡ. ಹೋಗು ಅನ್ನಲಿಲ್ಲ, ಬ್ಯಾಡ ಅನ್ನಲಿಲ್ಲ.

ಹಂಗ ಊದಿದ್ದಕ್ಕ ಮಾವಗ ಕೆಟ್ಟ ಅನಸೇತೇನು ಅಂತ ಸಿರುಗುಪ್ಪದಾಗ ಕಂಡೋರೆಲ್ಲಾ ನನ್ನ ಕೇಳ್ತಾರ. ಆತನ್ನ ಹೋಗಿ ಕೇಳ್ರಿ, ಮನ್ಯಾಗ ಅದಾನ. ನನಗ ಗೊತ್ತಿದ್ದಿದ್ದು ಇಷ್ಟ. ಹೇಳಾದು ತೀರಿತು.